‘ಖಾಕಿ’: ಕೈದಿಯ ಪಕ್ಕದ ಸೀಟಿನಿಂದ

ಹೆಚ್ಚುಕಡಿಮೆ ಮೂರು ತಾಸು ಉದ್ದದ ಹಿಂದಿ ಚಿತ್ರ ‘ಖಾಕಿ’ಯನ್ನು ನಾನು ಮೊದಲು ನೋಡಿದ್ದು 2004ರಲ್ಲಿ, ಕಾರವಾರದ ಒಂದು ಚಿತ್ರಮಂದಿರದಲ್ಲಿ. ಅದನ್ನು ಪೂರ್ತಿಯಾಗಿ ನೋಡಿದ್ದು ಮಾತ್ರ ಈ ಮಳೆಗಾಲದಲ್ಲಿ, ಮನೆಯ ಟಿ.ವಿ.ಯಲ್ಲಿ. ಅಂದು ಅಂಕೋಲೆಯ ಕಡೆಯಿಂದ ಬಂದವರು ಕೊನೆಯ ಬಸ್ಸಿನ ಚಿಂತೆಯಲ್ಲಿದ್ದರೆಂದೋ, ರೀಲು ಎಲ್ಲೋ ಹರಿದು ಅಂಟಿಸಿದ್ದರೆಂದೋ, ನಾಯಕಿಯತ್ತ ತಿರುಗಿ ನಾಯಕ ನಕ್ಕ ಮರುಕ್ಷಣವೇ ಪೊಲೀಸರೆಲ್ಲ ಮತ್ತೆ ಗಾಡಿ ಹತ್ತಿ ಕುಳಿತಿದ್ದರು. ನಡುವೆ ಇದ್ದ ಹಾಡನ್ನು ಆಪರೇಟರ್ ನುಂಗಿಬಿಟ್ಟಿದ್ದ. ಮುಂದಿನ ಸಾಲಿನವರು ಶಿಳ್ಳೆ ಹೊಡೆದು, ಕೊಂಕಣಿಯಲ್ಲೂ ಕನ್ನಡದಲ್ಲೂ ಬೈದು, ಐದು ನಿಮಿಷದಲ್ಲಿ ಕತೆಯೊಳಗೆ ಮುಳುಗಿ ಅದನ್ನು ಮರೆತರು. ಇಪ್ಪತ್ತು ವರ್ಷ ಕಳೆದ ಮೇಲೆ ಆ ಹಾಡನ್ನು ಅದರ ಜಾಗದಲ್ಲೇ ಕೂತು ನೋಡಿದಾಗ, ಎಲ್ಲಿ ಕತ್ತರಿಸಬೇಕೆಂಬುದು ಚಿತ್ರದ ಸಂಕಲನಕಾರರಿಗಿಂತ ನಮ್ಮೂರಿನ ಆಪರೇಟರನಿಗೇ ಚೆನ್ನಾಗಿ ತಿಳಿದಿತ್ತು ಎನ್ನಿಸಿತು.

ರಾಜ್‌ಕುಮಾರ್ ಸಂತೋಷಿ ನಿರ್ದೇಶಿಸಿದ ಈ ಚಿತ್ರ 2004ರ ಜನವರಿ 23ರಂದು, ಗಣರಾಜ್ಯೋತ್ಸವಕ್ಕೆ ಮೂರು ದಿನ ಮುಂಚೆ ತೆರೆಕಂಡಿತು. ಕತೆಯ ಚೌಕಟ್ಟು ಸರಳವಾದದ್ದು. ಮಹಾರಾಷ್ಟ್ರದ ಚಂದನಗಢ ಎಂಬ ಊರಿನಲ್ಲಿ ಇಕ್ಬಾಲ್ ಅನ್ಸಾರಿ ಎಂಬಾತ ಪೊಲೀಸರ ವಶದಲ್ಲಿದ್ದಾನೆ. ಅವನು ಪಾಕಿಸ್ತಾನದ ಐಎಸ್‌ಐ ಏಜೆಂಟನೆಂಬುದು ಆರೋಪ. ಅವನನ್ನು ಜೀವಸಹಿತ ಮುಂಬಯಿಗೆ ತಲುಪಿಸಬೇಕು. ನಿವೃತ್ತಿಯ ಅಂಚಿನಲ್ಲಿರುವ ಡಿಸಿಪಿ ಅನಂತ ಶ್ರೀವಾಸ್ತವನ ಹೆಗಲಿಗೆ ಈ ಕೆಲಸ ಬೀಳುತ್ತದೆ. ಅವನ ಜೊತೆ ಹೊರಡುವವರಲ್ಲಿ ಲಂಚಕ್ಕೂ ಹೆಣ್ಣಿಗೂ ಕೈಚಾಚುವ ಇನ್‌ಸ್ಪೆಕ್ಟರ್ ಶೇಖರ್ ವರ್ಮ ಒಬ್ಬ, ಸಮವಸ್ತ್ರದ ಇಸ್ತ್ರಿ ಇನ್ನೂ ಮಾಸದ ಎಳೆಯ ಅಧಿಕಾರಿ ಅಶ್ವಿನ್ ಗುಪ್ತೆ ಇನ್ನೊಬ್ಬ, ಉಳಿದವರು ಕಾನ್‌ಸ್ಟೇಬಲ್‌ಗಳು. ದಾರಿಯುದ್ದಕ್ಕೂ ಅವರನ್ನು ಬೆನ್ನಟ್ಟುವವನು ಯಶವಂತ ಆಂಗ್ರೆ. ಅವನೂ ಹಿಂದೊಮ್ಮೆ ಇದೇ ಖಾಕಿ ತೊಟ್ಟಿದ್ದವನು, ಅನಂತನಿಂದಾಗಿ ಜೈಲು ಕಂಡವನು. ಅನ್ಸಾರಿ ನಿಜವಾಗಿ ಯಾರು, ಅವನು ನ್ಯಾಯಾಲಯ ಮುಟ್ಟದಿರಲಿ ಎಂದು ಬಯಸುವವರು ಯಾರು ಎಂಬ ಎರಡು ಪ್ರಶ್ನೆಗಳ ಮೇಲೆ ಚಿತ್ರ ನಿಂತಿದೆ. ಇಷ್ಟು ವರ್ಷವಾದರೂ ನೋಡದವರು ಇದ್ದೇ ಇರುತ್ತಾರೆ. ಆದ್ದರಿಂದ ಆ ಉತ್ತರಗಳ ತಂಟೆಗೆ ನಾನು ಹೋಗುವುದಿಲ್ಲ.

ನಾನು ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲ. ಬೆಂಗಾವಲು ಪೊಲೀಸರನ್ನೂ ಅವರ ಕೈಯಲ್ಲಿರುವ ವಿಚಾರಣಾಧೀನ ಕೈದಿಗಳನ್ನೂ ವಾರಕ್ಕೆ ನಾಲ್ಕು ದಿನವಾದರೂ ನೋಡುತ್ತೇನೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಇಬ್ಬರು ಕಾನ್‌ಸ್ಟೇಬಲ್‌ಗಳು ಧಾರವಾಡದ ಕೇಂದ್ರ ಕಾರಾಗೃಹದಿಂದ ಒಬ್ಬನನ್ನು ಕರೆದುಕೊಂಡು ಬೆಳಗಿನ ಜಾವವೇ ಹೊರಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದು ಮುಟ್ಟುವಷ್ಟರಲ್ಲಿ ಮೂವರ ಮುಖದಲ್ಲೂ ಒಂದೇ ದಣಿವು ಕೂತಿರುತ್ತದೆ. ಯಾರು ಯಾರನ್ನು ಕರೆತಂದರು ಎಂಬುದು ಸಮವಸ್ತ್ರದಿಂದಷ್ಟೇ ಗೊತ್ತಾಗಬೇಕು. ಒಮ್ಮೆ ನ್ಯಾಯಾಲಯದ ಜಗಲಿಯಲ್ಲಿ ಹೀಗೆ ಬಂದ ಕಾನ್‌ಸ್ಟೇಬಲ್ ಒಬ್ಬರು ಕಾಗದದ ಪೊಟ್ಟಣ ಬಿಚ್ಚಿ ಬನ್ಸ್ ಮತ್ತು ಭಾಜಿ ಹಂಚುತ್ತಿದ್ದರು. ಅವರ ಎಡಗೈಯ ಕಿರುಬೆರಳು ಕೈದಿಯ ಬಲಗೈಯ ಕಿರುಬೆರಳಿಗೆ ಕೊಂಡಿಯಂತೆ ಸಿಕ್ಕಿಕೊಂಡಿತ್ತು. “ಸಾಹೇಬ್ರೆ, ಬಲಗೈ ಬಿಡಿ, ಎಡಗೈಲಿ ತಿನ್ನೂಕೆ ಆಗೂದಿಲ್ಲ” ಎಂದ ಕೈದಿ. ಅವರು ಒಂದು ಗಳಿಗೆ ಯೋಚಿಸಿ, ಎದ್ದು, ಅವನ ಇನ್ನೊಂದು ಮಗ್ಗುಲಿಗೆ ಬಂದು ಕುಳಿತು, ಅವನ ಎಡಗೈಯ ಬೆರಳು ಹಿಡಿದುಕೊಂಡು, “ತಿನ್ನು ಮಾರಾಯಾ, ಮತ್ತೆ ಕೂಗ್ತಾರೆ” ಎಂದರು. ಈಗ ಎಡಗೈ ಖಾಲಿ ಉಳಿದವರು ಅವರು. ಎಡಗೈಯಲ್ಲೇ ತಿಂದರು.

‘ಖಾಕಿ’ಯ ಶಕ್ತಿ ಇರುವುದು ಇಂಥ ಅಳತೆಯ ಅರಿವಿನಲ್ಲಿ. ಕೈದಿಯನ್ನು ಸಾಗಿಸುವಾಗ ಕಾವಲುಗಾರನಿಗೂ ಕಾವಲಿನಲ್ಲಿರುವವನಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚಿನ ಅಂತರ ಉಳಿಯುವುದಿಲ್ಲ. ಅವನಿಗೆ ಬಾಯಾರಿದರೆ ನೀರು ಕೊಡಬೇಕಾದವನು ಇವನೇ. ಅವನ ಮೇಲೆ ಗುಂಡು ಹಾರಿದರೆ ಅದು ತಗಲುವುದು ಇವನಿಗೂ ಹೌದು. ದ್ವೇಷವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಒಂದೇ ಬಿಸಿಯಲ್ಲಿ ಕಾಯ್ದಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟ. ಅನ್ಸಾರಿಯನ್ನು ದೇಶದ್ರೋಹಿಯೆಂದು ನಂಬಿಯೇ ಹೊರಟ ಈ ಪೊಲೀಸರು ಅವನ ಮೇಲೆ ಕೈಮಾಡುತ್ತಾರೆ, ಹೀನಾಯವಾಗಿ ಬೈಯುತ್ತಾರೆ, ಅವನ ಹೆಸರನ್ನೇ ಅಪರಾಧದಂತೆ ಉಚ್ಚರಿಸುತ್ತಾರೆ. ಆದರೆ ಅವನನ್ನು ಉಳಿಸುವುದು ತಮ್ಮ ಕೆಲಸವೆಂಬುದನ್ನು ಬಿಡುವಂತಿಲ್ಲ. ಈ ಇಕ್ಕಟ್ಟನ್ನು ಸಂತೋಷಿ ಭಾಷಣದಲ್ಲಿ ಹೇಳಿಸದೆ ದಾರಿಯಲ್ಲೇ ಮೈಗೂಡಿಸಿಕೊಂಡ ಕಡೆಗಳಲ್ಲೆಲ್ಲ ಚಿತ್ರ ಎದ್ದು ನಿಲ್ಲುತ್ತದೆ. ಗಾಡಿ ನಿಂತು, ಪಾತ್ರಗಳು ಕೆಳಗಿಳಿದು, ಒಬ್ಬೊಬ್ಬರಾಗಿ ದೇಶದ ಸ್ಥಿತಿಗತಿಯನ್ನು ವಿವರಿಸತೊಡಗಿದ ಕಡೆಗಳಲ್ಲಿ ಅದೇ ಚಿತ್ರ ಸಾಧಾರಣವಾಗುತ್ತದೆ.

ಅನ್ಸಾರಿಯಾಗಿ ಅಭಿನಯಿಸಿದವರು ಅತುಲ್ ಕುಲಕರ್ಣಿ. ಬೆಳಗಾವಿಯಲ್ಲಿ ಹುಟ್ಟಿದ ಈ ನಟ ಆ ಹೊತ್ತಿಗಾಗಲೇ ‘ಹೇ ರಾಮ್’ ಮತ್ತು ‘ಚಾಂದನಿ ಬಾರ್’ ಚಿತ್ರಗಳಿಗಾಗಿ ಪೋಷಕ ನಟನ ರಾಷ್ಟ್ರಪ್ರಶಸ್ತಿಯನ್ನು ಎರಡು ಬಾರಿ ಪಡೆದಿದ್ದರು. ಕನ್ನಡದ ಪ್ರೇಕ್ಷಕರಿಗೆ ಅವರು ಆಪ್ತರಾದದ್ದು 2007ರ ‘ಆ ದಿನಗಳು’ ಬಂದ ಬಳಿಕ. ಇಡೀ ತಾರಾಗಣದಲ್ಲಿ ಅತ್ಯಂತ ಕಡಿಮೆ ಚಲಿಸುವವರು ಇವರು, ಮತ್ತು ನನ್ನ ಮಟ್ಟಿಗೆ ಅತ್ಯಂತ ಹೆಚ್ಚು ನೆನಪಿನಲ್ಲಿ ಉಳಿದವರೂ ಇವರೇ. ತನ್ನ ಮೇಲೆ ಆರೋಪ ಹೊರಿಸಿದಾಗ ನಿರಪರಾಧಿಯೂ ಪಳಗಿದ ಅಪರಾಧಿಯೂ ಬಹುಪಾಲು ಒಂದೇ ರೀತಿ ನಡೆದುಕೊಳ್ಳುತ್ತಾರೆ ಎಂಬುದನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ. ಇಬ್ಬರೂ ಮೊದಲು ಜೋರಾಗಿ ಅಲ್ಲಗಳೆಯುತ್ತಾರೆ, ಆಮೇಲೆ ಮೆತ್ತಗೆ ಅಲ್ಲಗಳೆಯುತ್ತಾರೆ, ಕೊನೆಗೆ ಸುಮ್ಮನಾಗುತ್ತಾರೆ. ಆ ಮೌನ ಮಾತ್ರ ಬೇರೆಬೇರೆ. ಕುಲಕರ್ಣಿಯವರು ಆ ಮೂರನೆಯ ಹಂತದಿಂದಲೇ ಪಾತ್ರವನ್ನು ಹಿಡಿದಿದ್ದಾರೆ. ಪೆಟ್ಟು ತಿಂದವನು ಮುಂದಿನ ಪೆಟ್ಟು ಯಾವ ಕಡೆಯಿಂದ ಬರಬಹುದೆಂದು ತಲೆ ತಿರುಗಿಸದೆ ಕಣ್ಣಂಚಿನಲ್ಲಿ ಅಳೆಯುವುದನ್ನು ಅವರಂತೆ ತೋರಿಸಿದವರು ಹಿಂದಿಯಲ್ಲಿ ಕಡಿಮೆ. ಅವನು ಮುಗ್ಧನೆಂದು ನಂಬಬೇಕೋ, ನಟಿಸುತ್ತಿದ್ದಾನೆಂದು ಎಚ್ಚರವಾಗಿರಬೇಕೋ ಎಂಬ ಗೊಂದಲ ತಂಡದೊಳಗಿನ ಪೊಲೀಸರಿಗಿರುವಷ್ಟೇ ನಮಗೂ ಬಹಳ ಹೊತ್ತು ಉಳಿಯುವುದು ಈ ಒಬ್ಬ ನಟನಿಂದ. ಅವನ ತಾಯಿಯಾಗಿ ತನುಜಾ ಅವರು ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರವಾದರೂ, ಆರೋಪಿಗೂ ಒಂದು ಮನೆಯಿದೆ ಎಂಬುದನ್ನು ಹೇಳಲು ಅಷ್ಟು ಸಾಕಾಗಿದೆ.

ಅಮಿತಾಭ್ ಬಚ್ಚನ್ ಅವರು 1973ರ ‘ಜಂಜೀರ್’ನಲ್ಲಿ ಎಳೆಯ ಇನ್‌ಸ್ಪೆಕ್ಟರ್ ಆಗಿ ಕುರ್ಚಿಯನ್ನು ಒದ್ದವರು. ‘ಖಾಕಿ’ ಬಂದಾಗ ಅವರಿಗೆ 61 ವರ್ಷ. ಅದೇ ಸಮವಸ್ತ್ರದೊಳಗೆ ಈಗ ಉಬ್ಬಸದ ರೋಗಿಯೊಬ್ಬನಿದ್ದಾನೆ. ವೃತ್ತಿಯಲ್ಲಿ ದೊಡ್ಡ ಹೆಸರು ಮಾಡಲಾಗದೆ, ದೊಡ್ಡ ಕಳಂಕವನ್ನೂ ಹಚ್ಚಿಕೊಳ್ಳದೆ, ಪಿಂಚಣಿಯ ದಿನ ಎಣಿಸುವ ಅಧಿಕಾರಿ. ಬಚ್ಚನ್ ಅವರ ದನಿ ಎಂಥ ಸಾಧಾರಣ ವಾಕ್ಯವನ್ನೂ ಘೋಷಣೆಯಾಗಿಸಿಬಿಡುವ ದನಿ. ಅದಕ್ಕೆ ಅಡ್ಡಿಯಾಗಿ ಉಸಿರಿನ ತೊಂದರೆಯನ್ನು ಇಟ್ಟದ್ದು ಬರವಣಿಗೆಯ ಜಾಣತನ. ಸಂತೋಷಿಯವರ ಜೊತೆ ಚಿತ್ರಕತೆ ಬರೆದ ಶ್ರೀಧರ್ ರಾಘವನ್ ಅವರಿಗೂ ಇದರ ಪಾಲು ಸಲ್ಲಬೇಕು. ಮಾತು ನಡುವೆ ತುಂಡಾಗುತ್ತದೆ, ವೀರಾವೇಶ ಬರಬೇಕಾದಲ್ಲಿ ಎದೆ ಒತ್ತಿಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲದ ತಂಡಿಗೆ ಉಬ್ಬಸ ಕೆದರಿದವರನ್ನು ಮನೆಯಲ್ಲಿ ಕಂಡವರಿಗೆ ಗೊತ್ತಿರುತ್ತದೆ, ಅಂಥವರು ಸಿಟ್ಟಾಗಲೂ ಹೆದರುತ್ತಾರೆ, ಏಕೆಂದರೆ ಸಿಟ್ಟಿಗೂ ಉಸಿರು ಬೇಕು. ಚಿತ್ರದ ಮೊದಲರ್ಧದಲ್ಲಿ ಬಚ್ಚನ್ ಅವರು ಆ ಲೆಕ್ಕಾಚಾರವನ್ನು ನಿಖರವಾಗಿ ಇಟ್ಟುಕೊಂಡಿದ್ದಾರೆ. ಕೊನೆಕೊನೆಗೆ ಹೊಡೆದಾಟಗಳು ಹೆಚ್ಚಿದಂತೆ ರೋಗವನ್ನು ಚಿತ್ರವೇ ಮರೆತಂತಾಗಿ, ಹಳೆಯ ನಾಯಕ ಮೇಲೆ ಬಂದುಬಿಡುತ್ತಾನೆ. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದದ್ದು ಆಗಲೇ ಎಂಬುದನ್ನೂ ಹೇಳಬೇಕು.

ಅಕ್ಷಯ್ ಕುಮಾರ್ ಅವರ ಶೇಖರ್ ವರ್ಮ ಯಕ್ಷಗಾನದ ಹಾಸ್ಯಗಾರನ ಜಾಗದಲ್ಲಿ ಬರುವ ಪಾತ್ರ. ಬಡಗುತಿಟ್ಟಿನಲ್ಲಿ ಒಳ್ಳೆಯ ಹಾಸ್ಯಗಾರ ರಾಜನ ಎದುರು ನಿಂತು ನಗಿಸುತ್ತಲೇ ರಾಜನಿಗೆ ಬೇರಾರೂ ಹೇಳಲಾಗದ್ದನ್ನು ಹೇಳಿಬಿಡುತ್ತಾನೆ. ಶೇಖರನೂ ಹಾಗೆಯೇ, ಅನಂತನ ಪ್ರಾಮಾಣಿಕತೆಯಿಂದ ಅವನಿಗೂ ಅವನ ಸಂಸಾರಕ್ಕೂ ಏನು ದಕ್ಕಿತು ಎಂದು ಮುಖಕ್ಕೆ ಹೊಡೆದಂತೆ ಕೇಳಬಲ್ಲವನು ತಂಡದಲ್ಲಿ ಅವನೊಬ್ಬನೇ. ಅವನು ನಿಧಾನವಾಗಿ ಬದಲಾಗುವ ಬಗೆ ಚಿತ್ರದ ಎರಡನೇ ಆಸ್ತಿ. ಆದರೆ ಪ್ರಾರಂಭದಲ್ಲಿ ಅವನ ಹೆಣ್ಣುಬಾಕತನವನ್ನು ತಮಾಷೆಯೆಂದು ಉಣಬಡಿಸಿರುವುದು ಇವತ್ತು ನೋಡುವಾಗ ಕಸಿವಿಸಿ ಹುಟ್ಟಿಸುತ್ತದೆ. 2004ರಲ್ಲಿ ನಾನೂ ನಕ್ಕಿದ್ದೆ. ಈ ಸಲ ಪಕ್ಕದಲ್ಲಿ ಮಗಳು ಕೂತಿದ್ದಳು, ನಗಲಿಲ್ಲ.

ಇನ್ನು ಆಂಗ್ರೆ. ಕರಾವಳಿಯವರಿಗೆ ಈ ಅಡ್ಡಹೆಸರು ಕೇಳಿದೊಡನೆ ಮರಾಠರ ನೌಕಾಪಡೆಯ ಕಾನ್ಹೋಜಿ ಆಂಗ್ರೆ ನೆನಪಾಗುವುದು ಸಹಜ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಜಯ್ ದೇವಗನ್ ಅವರು ಖಳನಾಗಿ ಬಂದಿರುವ ಈ ಪಾತ್ರದ ಪ್ರವೇಶಕ್ಕೆ ಬಣ್ಣದ ವೇಷದ ಗದ್ದಲವಿಲ್ಲ. ದೊಂದಿಗೆ ರಾಳ ಎರಚುವವರಿಲ್ಲ, ಅಟ್ಟಹಾಸವಿಲ್ಲ. ಕೆಲಸ ಗೊತ್ತಿರುವ ಪೊಲೀಸನೊಬ್ಬ ಕೆಲಸ ಗೊತ್ತಿರುವ ಇನ್ನೊಬ್ಬ ಪೊಲೀಸನನ್ನು ಬೇಟೆಯಾಡುವಾಗ ಎಷ್ಟು ಕಡಿಮೆ ಮಾತು ಬೇಕಾಗುತ್ತದೋ ಅಷ್ಟನ್ನೇ ಅವರು ಆಡುತ್ತಾರೆ. ಬೆಂಗಾವಲು ತಂಡ ಎಲ್ಲಿ ತಂಗುತ್ತದೆ, ಯಾವಾಗ ದಾರಿ ಬದಲಿಸುತ್ತದೆ, ಮೇಲಧಿಕಾರಿಗೆ ಯಾವ ಗಳಿಗೆಯಲ್ಲಿ ಕರೆ ಮಾಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ, ಏಕೆಂದರೆ ಒಂದು ಕಾಲದಲ್ಲಿ ಅವನೂ ಅದನ್ನೇ ಮಾಡಿದ್ದವನು. ಇಷ್ಟರವರೆಗೆ ಸರಿ. ಆದರೆ ಪ್ರತಿ ತಿರುವಿನಲ್ಲೂ ಅವನು ಮೊದಲೇ ಬಂದು ಕಾದಿರುವುದು ಮೂರನೆಯ ಸಲಕ್ಕೆ ಭಯ ಹುಟ್ಟಿಸುವುದನ್ನು ನಿಲ್ಲಿಸಿ, ಚಿತ್ರಕತೆ ಬರೆದವರೇ ಅವನಿಗೆ ಫೋನ್ ಮಾಡಿ ಹೇಳುತ್ತಿದ್ದಾರೇನೋ ಎಂಬ ಅನುಮಾನ ತರುತ್ತದೆ. ಇದಕ್ಕೆ ಕತೆಯೊಳಗೆ ಮುಂದೆ ಒಂದು ಕಾರಣ ಸಿಗುತ್ತದೆ. ಆ ಕಾರಣ ಎಲ್ಲ ಭೇಟಿಗಳಿಗೂ ಹೊಂದುವುದಿಲ್ಲ.

ಹಿನ್ನೆಲೆ ಸಂಗೀತದ ಬಗ್ಗೆಯೂ ಒಂದು ತಕರಾರಿದೆ. ಯಕ್ಷಗಾನದಲ್ಲಿ ಚಂಡೆಗೆ ಬೆಲೆ ಬರುವುದು ಭಾಗವತರು ಅದನ್ನು ತಡೆದಿಟ್ಟಾಗ. ಏರುಪದ ಬರುವವರೆಗೆ ಮದ್ದಳೆಯಲ್ಲೇ ನಡೆಸಿ, ಆಮೇಲೆ ಚಂಡೆ ಬಿದ್ದರೆ ಕೂತವರು ನೆಟ್ಟಗಾಗುತ್ತಾರೆ. ಇಲ್ಲಿ ಗಾಡಿ ಹೊರಟರೂ ಅಬ್ಬರ, ಬಾಗಿಲು ತೆರೆದರೂ ಅಬ್ಬರ. ನಿಜವಾದ ದಾಳಿ ನಡೆದಾಗ ಕಿವಿ ಆಗಲೇ ದಣಿದಿರುತ್ತದೆ.

ವೃತ್ತಿಯ ಕಣ್ಣಿನಿಂದ ನೋಡಿದರೆ ಚಿತ್ರದಲ್ಲಿ ಕಾನೂನು ಬಹಳ ಕಡೆ ಗಾಡಿಯಿಂದ ಇಳಿದುಹೋಗಿದೆ. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೂ ಹೆಚ್ಚು ಹೊತ್ತು ಇಟ್ಟುಕೊಂಡು ಬೇರೆ ಕಡೆಗೆ ಸಾಗಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಬೇಡಿಯ ವಿಷಯವಂತೂ 1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲೇ ತೀರ್ಮಾನವಾಗಿತ್ತು. ಕೈದಿಗೆ ಬೇಡಿ ತೊಡಿಸುವುದು ರೂಢಿಯ ಕ್ರಮವಾಗಕೂಡದು, ತಪ್ಪಿಸಿಕೊಳ್ಳುವ ಸ್ಪಷ್ಟ ಅಪಾಯವಿದ್ದಾಗ ಕಾರಣ ಬರೆದಿಟ್ಟು, ನ್ಯಾಯಾಧೀಶರ ಗಮನಕ್ಕೆ ತಂದು ಹಾಕಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಹೇಳಿತು. ನಾನು ಮೇಲೆ ಹೇಳಿದ ಕಿರುಬೆರಳಿನ ಕೊಂಡಿ ಹುಟ್ಟಿದ್ದು ಈ ತೀರ್ಪಿನಿಂದಲೇ ಎಂದರೆ ಅತಿಶಯವಲ್ಲ: ಬೇಡಿ ಹಾಕುವಂತಿಲ್ಲ, ಕೈದಿ ಓಡಿದರೆ ಅಮಾನತು ತಪ್ಪಿದ್ದಲ್ಲ, ಹಾಗಾಗಿ ಬೆರಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಭಯೋತ್ಪಾದನೆ, ಕೊಲೆ, ಅತ್ಯಾಚಾರ ಮೊದಲಾದ ಕೆಲವು ಪ್ರಕರಣಗಳಲ್ಲಿ ಬೇಡಿ ಬಳಸಲು ಪೊಲೀಸರಿಗೆ ಅವಕಾಶ ಕೊಟ್ಟಿದೆ. ಅನ್ಸಾರಿಯ ಮೇಲೆ ಹೊರಿಸಿದ ಆರೋಪವನ್ನು ಇಂದು ಹೊರಿಸಿದ್ದರೆ ಅವನು ಆ ಪಟ್ಟಿಯೊಳಗೆ ಬರುತ್ತಿದ್ದ.

ಚಿತ್ರ ಬಂದ ಕಾಲವನ್ನು ನೆನಪಿಟ್ಟುಕೊಂಡು ನೋಡಿದರೆ ಅದರ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. 2004ರ ಜನವರಿಯಲ್ಲಿ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆ ಜಾರಿಯಲ್ಲಿತ್ತು. 2002ರಲ್ಲಿ ಬಂದ ಆ ಕಾಯ್ದೆಯನ್ನು 2004ರ ಕೊನೆಯ ಭಾಗದಲ್ಲಿ ರದ್ದುಪಡಿಸಲಾಯಿತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯವಾಗಿ ಬೆಲೆಯಿಲ್ಲ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಅದನ್ನು ಒಂದೇ ಸಾಲಿನಲ್ಲಿ ಹೇಳುತ್ತಿತ್ತು. ಪೋಟಾದಲ್ಲಿ ಮಾತ್ರ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ, ಕೆಲವು ಷರತ್ತುಗಳೊಡನೆ, ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತು. ಅಂಥ ದಿನಗಳಲ್ಲಿ, ಭಯೋತ್ಪಾದಕನೆಂಬ ಹಣೆಪಟ್ಟಿ ಹಚ್ಚಿಸಿಕೊಂಡ ಒಬ್ಬ ಮುಸ್ಲಿಂ ಆರೋಪಿಯ ಮಾತನ್ನು ಪೂರ್ತಿ ಕೇಳದೆ ಅವನ ಕುರಿತು ತೀರ್ಮಾನಕ್ಕೆ ಬರಬಾರದು ಎಂಬ ನೆಲೆಯನ್ನು, ದೊಡ್ಡ ತಾರೆಯರ, ದೊಡ್ಡ ಬಂಡವಾಳದ, ಗಣರಾಜ್ಯೋತ್ಸವದ ವಾರಕ್ಕೆಂದೇ ಸಿದ್ಧಪಡಿಸಿದಂತಿದ್ದ ಹೊಡೆದಾಟದ ಚಿತ್ರವೊಂದು ತೆಗೆದುಕೊಂಡದ್ದು ಸಣ್ಣ ಧೈರ್ಯವಲ್ಲ. ಆ ಧೈರ್ಯವನ್ನು ಅದು ಕೊನೆಯವರೆಗೂ ಉಳಿಸಿಕೊಂಡಿದೆಯೇ? ಬಹುಮಟ್ಟಿಗೆ ಹೌದು. ಆದರೆ ವ್ಯವಸ್ಥೆಯ ತಪ್ಪನ್ನೆಲ್ಲ ಒಂದಿಬ್ಬರು ಕೆಟ್ಟವರ ತಲೆಗೆ ಕಟ್ಟಿ, ಅವರನ್ನು ಹೊಡೆದುರುಳಿಸಿದರೆ ಎಲ್ಲ ಸರಿಹೋಯಿತೆಂಬ ಹಿಂದಿ ಚಿತ್ರಗಳ ಹಳೆಯ ಹಾದಿಗೆ ಕಡೆಯ ಅರ್ಧ ತಾಸಿನಲ್ಲಿ ಅದೂ ಇಳಿಯುತ್ತದೆ.

ಪೊಲೀಸ್ ಇಲಾಖೆಯ ಒಳಗಿನ ಬದುಕನ್ನು ಹೇಳುವಾಗ ಚಿತ್ರ ಹೆಚ್ಚು ನಿಖರ. ಯಾರನ್ನು ಯಾವ ಕೆಲಸಕ್ಕೆ ಕಳಿಸಬೇಕೆಂಬುದು ಸಾಮರ್ಥ್ಯದ ಮೇಲೆ ನಿಂತಿಲ್ಲ. ಹೋದರೂ ನಷ್ಟವಿಲ್ಲವೆನ್ನಿಸಿದವರನ್ನು ಆರಿಸಿ ಕಳಿಸಿದಂತೆ ಇಲ್ಲಿ ತಂಡ ಕಟ್ಟಲಾಗುತ್ತದೆ, ಮತ್ತು ಅದು ತಂಡದವರಿಗೂ ಗೊತ್ತು. ವರ್ಗಾವರ್ಗಿಯ ಹಗ್ಗ ರಾಜಕಾರಣಿಯ ಕೈಯಲ್ಲಿರುವುದು, ಮೇಲಿನವರ ಒಂದು ಫೋನ್ ಕರೆಗೆ ಕೆಳಗಿನವರ ವರ್ಷಗಟ್ಟಲೆಯ ದುಡಿಮೆ ಮುಳುಗುವುದು, ಇವೆಲ್ಲ ಸಂಭಾಷಣೆಯ ನಡುವೆ ಹಾದುಹೋಗುವ ಮಾತುಗಳಾಗಿ ಬರುತ್ತವೆ. ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆಯಕಟ್ಟಿನ ಹುದ್ದೆಯಲ್ಲಿರುವ ಪೊಲೀಸ್ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದೂ ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕೆಂದೂ ಆದೇಶಿಸಿದ್ದು 2006ರಲ್ಲಿ, ಅಂದರೆ ಈ ಚಿತ್ರ ಬಂದು ಎರಡು ವರ್ಷದ ಮೇಲೆ. ಆ ತೀರ್ಪನ್ನು ಓದುವಾಗ ನನಗೆ ಅನಂತ ಶ್ರೀವಾಸ್ತವನ ಮುಖವೇ ಕಣ್ಣೆದುರು ಬಂದಿತ್ತು.

ಕಾನ್‌ಸ್ಟೇಬಲ್ ಪಾತ್ರಗಳಲ್ಲಿ ಕಮಲೇಶ್ ಸಾವಂತ್ ಅವರನ್ನು ಗುರುತಿಸಲೇಬೇಕು. ಮುಂದೆ 2015ರ ಹಿಂದಿ ‘ದೃಶ್ಯಂ’ನಲ್ಲಿ ಗಾಯ್ತೊಂಡೆ ಎಂಬ ಕ್ರೂರ ಪೊಲೀಸನಾಗಿ ಎಲ್ಲರ ಶಾಪಕ್ಕೆ ಗುರಿಯಾದ ನಟ ಇವರೇ. ಇಲ್ಲಿ ಅವರ ಮುಖದಲ್ಲಿ ಡ್ಯೂಟಿ ಮುಗಿಯದ ಕಾನ್‌ಸ್ಟೇಬಲ್‌ನ ಆ ಜಡ ತಾಳ್ಮೆ ಸಹಜವಾಗಿ ಕೂತಿದೆ. ಇನ್ನೊಬ್ಬ ಪರಿಚಿತ ಮುಖ ನಮ್ಮ ಪ್ರಕಾಶ್ ರೈ, ಹಿಂದಿಯವರಿಗೆ ಪ್ರಕಾಶ್ ರಾಜ್, ನಾಯ್ಡು ಎಂಬ ಪೊಲೀಸ್ ಅಧಿಕಾರಿಯಾಗಿ ಬರುತ್ತಾರೆ. ತುಷಾರ್ ಕಪೂರ್ ಅವರ ಅಶ್ವಿನ್ ಪಾತ್ರಕ್ಕೆ ಕತೆಯಲ್ಲಿ ಇರುವ ತೂಕ ಅವರ ಅಭಿನಯದಲ್ಲಿ ಇಲ್ಲ.

ಐಶ್ವರ್ಯಾ ರೈ ಅವರ ಮಹಾಲಕ್ಷ್ಮಿ ಚಿತ್ರದ ಅತ್ಯಂತ ಅಸಮ ಪಾತ್ರ. ಮಂಗಳೂರಿನಲ್ಲಿ ಹುಟ್ಟಿದ ಈ ನಟಿ ನಾಸಿಕದ ಬಳಿ ಇದೇ ಚಿತ್ರದ ಚಿತ್ರೀಕರಣದಲ್ಲಿ ಜೀಪು ಬಡಿದು ಗಾಯಗೊಂಡಿದ್ದ ಸುದ್ದಿ 2003ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಜೀವಕ್ಕೆ ಅಪಾಯವಿರುವ ಪಯಣದ ನಡುವೆ ಆಕೆಯನ್ನು ತಂಡದೊಳಗೆ ಇಟ್ಟುಕೊಳ್ಳಲು ಕತೆ ಕೊಡುವ ನೆಪ ತೆಳು, ಶೇಖರನೊಡನೆ ಆಕೆಯ ಒಲವು ಬೆಳೆಯುವ ವೇಗವಂತೂ ಹೆದ್ದಾರಿಯ ಟ್ಯಾಂಕರಿನದು. ಆ ಪಾತ್ರಕ್ಕೆ ಕೊನೆಯಲ್ಲಿ ಒಂದು ಕೆಲಸವಿದೆ, ಅದಕ್ಕಾಗಿಯೇ ಇಷ್ಟೆಲ್ಲ ಸಿದ್ಧತೆ ಎಂಬುದು ಎರಡನೇ ಸಲ ನೋಡುವಾಗ ತಿಳಿಯುತ್ತದೆ. ಹಾಗಿದ್ದರೂ ಆ ಕೆಲಸಕ್ಕೆ ಬೇಕಾದದ್ದು ನಾಲ್ಕು ಒಳ್ಳೆಯ ಮಾತುಕತೆಯ ದೃಶ್ಯಗಳೇ ಹೊರತು ಬಟ್ಟೆ ಬದಲಿಸಿ ಕುಣಿಯುವ ಹಾಡಲ್ಲ. ರಾಮ್ ಸಂಪತ್ ಅವರ ರಾಗಸಂಯೋಜನೆ ಕೇಳಲು ಚೆನ್ನಾಗಿದೆ. ಆ ಹಾಡು ಆ ವರ್ಷ ನಮ್ಮೂರಿನ ಟೆಂಪೋಗಳಲ್ಲೆಲ್ಲ ಮೊಳಗುತ್ತಿತ್ತು. ಟೆಂಪೋದಲ್ಲಿ ಅದಕ್ಕೆ ಜಾಗವಿತ್ತು. ಸಾವಿನ ಬಾಯಿಂದ ತಪ್ಪಿಸಿಕೊಂಡು ಹೊರಟ ಪೊಲೀಸರ ನಡುವೆ ಇಲ್ಲ.

ಛಾಯಾಗ್ರಹಣ ಕೆ.ವಿ. ಆನಂದ್ ಅವರದು. ಮುಂದೆ ತಮಿಳಿನಲ್ಲಿ ‘ಅಯನ್’, ‘ಕೋ’ ಚಿತ್ರಗಳನ್ನು ನಿರ್ದೇಶಿಸಿ, 2021ರಲ್ಲಿ ತೀರಿಕೊಂಡ ಆನಂದ್ ಈ ಚಿತ್ರಕ್ಕೆ ಕೊಟ್ಟ ಬಣ್ಣ ಒಣ ಮಣ್ಣಿನದು. ಅನಾಹುತವೆಂದರೆ ಕತ್ತಲು, ಮಳೆ, ಕುಸಿದ ಗುಡ್ಡ ಎಂದೇ ತಿಳಿದು ಬೆಳೆದ ನಮ್ಮಂಥವರಿಗೆ, ಮರೆಯೇ ಇಲ್ಲದ ಬಟಾಬಯಲಿನ ಹಾಡಹಗಲ ಅಪಾಯ ಬೇರೆಯದೇ ಅಳುಕು ಹುಟ್ಟಿಸುತ್ತದೆ. ಅರಬೈಲ್ ಘಟ್ಟದಲ್ಲಾದರೆ ತಿರುವಿನ ಆಚೆ ಏನಿದೆಯೋ ಎಂಬ ಭಯ; ಇಲ್ಲಿ ದೂರದಲ್ಲಿ ಏಳುವ ಧೂಳು ಕಾಣುತ್ತದೆ, ಬರುತ್ತಿರುವ ಗಾಡಿ ಯಾರದೆಂದು ಅದು ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ಚಿತ್ರದ ಒಳ್ಳೆಯ ಹೊಡೆದಾಟಗಳೆಲ್ಲ ಈ ಕಾಯುವಿಕೆಯ ಮೇಲೆ ಕಟ್ಟಿದವು. ಯಾರು ಎಲ್ಲಿದ್ದಾರೆ, ಗುಂಡು ಯಾವ ದಿಕ್ಕಿನಿಂದ ಬರುತ್ತಿದೆ, ಕೈದಿ ಯಾರ ಮರೆಯಲ್ಲಿದ್ದಾನೆ ಎಂಬುದು ನೋಡುವವನಿಗೆ ಗೊಂದಲವಾಗದಂತೆ ಚಿತ್ರಿಸಿದ್ದಾರೆ. ಈಚಿನ ಚಿತ್ರಗಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಸಲ ಕತ್ತರಿಸುವುದನ್ನು ಕಂಡು ಬೇಸತ್ತವರಿಗೆ ಇದು ಸಮಾಧಾನ.

ಇದೇ ಜಾತಿಯ ಈಚಿನ ಚಿತ್ರವೆಂದರೆ ಲೋಕೇಶ್ ಕನಗರಾಜ್ ಅವರ 2019ರ ತಮಿಳು ‘ಕೈದಿ’, ಮತ್ತು ಅದನ್ನೇ ಹಿಂದಿಗೆ ತಂದು ಅಜಯ್ ದೇವಗನ್ ಅವರು ನಟಿಸಿ ನಿರ್ದೇಶಿಸಿದ 2023ರ ‘ಭೋಲಾ’. ಅಲ್ಲಿ ಸನ್ನಿವೇಶ ತಿರುವುಮುರುವು: ಜೈಲಿನಿಂದ ಹೊರಬಂದವನೇ ಲಾರಿ ಓಡಿಸಿ ಪೊಲೀಸರನ್ನು ಉಳಿಸುತ್ತಾನೆ. ಒಂದೇ ರಾತ್ರಿಯ ಕತೆಯಾದ್ದರಿಂದ ‘ಕೈದಿ’ಗೆ ‘ಖಾಕಿ’ಗಿಲ್ಲದ ಬಿಗಿಯಿದೆ, ಹಾಡುಗಳ ಕಾಟವೂ ಇಲ್ಲ. ಆದರೆ ಅದರ ನಾಯಕ ಮೊದಲಿನಿಂದಲೂ ಯಾರಿಗೂ ಬಗ್ಗದ ಭೀಮ. ಅನ್ಸಾರಿಯಂತೆ ದುರ್ಬಲನಾಗಿ, ತನ್ನನ್ನು ನಂಬದವರ ಕೈಯಲ್ಲೇ ತನ್ನ ಜೀವವನ್ನಿಟ್ಟು ಕೂರಬೇಕಾದ ಗತಿ ಅವನಿಗಿಲ್ಲ. ನನಗೆ ಹೆಚ್ಚು ಕಾಡಿದ್ದು ಈ ಗತಿ.

ಈಗ ನಮ್ಮ ನ್ಯಾಯಾಲಯಗಳಲ್ಲಿ ಎಷ್ಟೋ ವಾಯಿದೆಗಳಿಗೆ ಕೈದಿಗಳು ಜೈಲಿನಿಂದಲೇ ವಿಡಿಯೊ ಪರದೆಯ ಮೇಲೆ ಹಾಜರಾಗುತ್ತಾರೆ. ಹೆಸರು ಕೂಗಿದಾಗ ಪರದೆಯ ಮೂಲೆಯಲ್ಲಿ ಒಂದು ಮುಖ ಎದ್ದು ನಿಲ್ಲುತ್ತದೆ, ಮುಂದಿನ ತಾರೀಖು ಕೇಳಿಸಿಕೊಂಡು ಕೂರುತ್ತದೆ. ಖರ್ಚೂ ಅಪಾಯವೂ ಕಡಿಮೆಯಾಗಿವೆ, ಬೆಂಗಾವಲಿನವರಿಗೆ ಘಟ್ಟ ಹತ್ತಿಳಿಯುವ ತ್ರಾಸು ತಪ್ಪಿದೆ. ಮೊನ್ನೆ ಹಳೆಯ ಪರಿಚಯದ ಕಾನ್‌ಸ್ಟೇಬಲ್ ಒಬ್ಬರ ಜೊತೆ ಚಹಾ ಕುಡಿಯುವಾಗ ‘ಖಾಕಿ’ಯ ಮಾತು ಬಂತು. ಅವರಿಗೆ ಹೊಡೆದಾಟಗಳಾವುವೂ ನೆನಪಿರಲಿಲ್ಲ. “ಅಷ್ಟು ದೂರ ಹೋಗ್ತಾರಲ್ಲ ವಕೀಲರೆ, ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿನ ಮಾತು ಯಾರೂ ಆಡೂದಿಲ್ಲ, ಅದೊಂದು ಸುಳ್ಳು” ಎಂದರು.

ನೋಡುವುದಾದರೆ ಎರಡು ರಾತ್ರಿಗೆ ಹಂಚಿಕೊಂಡು ನೋಡುವುದು ವಾಸಿ, ಆಷಾಢದಲ್ಲಿ ಕರೆಂಟು ಒಂದೇ ಪಟ್ಟಿಗೆ ಮೂರು ತಾಸು ಇರುವ ಭರವಸೆ ನಮ್ಮ ಕಡೆ ಹೇಗೂ ಇಲ್ಲ. ರಕ್ತಪಾತ ಸಾಕಷ್ಟಿದೆ, ಸಣ್ಣ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಶೇಖರ್ ಮಹಾಲಕ್ಷ್ಮಿಯ ಕಡೆ ತಿರುಗಿ ನಕ್ಕನೆಂದರೆ ರಿಮೋಟನ್ನು ಕೈಗೆ ತೆಗೆದುಕೊಳ್ಳಿ.